ಒಂದು ಮೊಳ ನಾಲ್ಕು ಬೆರಳು

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳಿದರೆ ನೀವು ನಂಬಬೇಡಿ. ನಾದಿನಿ ಆಡುವ ಮಾತು, ಅದಕ್ಕೇನು ಬೆಲೆ! ಆದರೆ ಬೆಂಗಳೂರಿನ ಏಳು ಸೋಫಾ ಅಂಗಡಿಯವರು, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರು, ಅದೇ ಮಾತು ಹೇಳಿದರೆ? ಆಗಲಾದರೂ ನಂಬುತ್ತೀರಲ್ಲ? ಏಳರಲ್ಲಿ ಒಬ್ಬನಂತೂ ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಸಾರ್‌ಗೆ ಟ್ರೀಟ್‌ಮೆಂಟ್ ನಡೀತಿದೆಯಾ?" ಎಂದು ಬಹಳ ಮರುಕದಿಂದ ಕೇಳಿದ.

"ಇಲ್ಲಪ್ಪ, ಇನ್ನೂ ಶುರು ಮಾಡಿಲ್ಲ. ಸೋಫಾ ಸಿಕ್ಕಿದ್ಮೇಲೆ ನೋಡೋಣ ಅಂತ" ಎಂದೆ.

ಈ ಭಾವ ನನ್ನ ಅಕ್ಕನ ಗಂಡ. ವಯಸ್ಸು ಎಪ್ಪತ್ತೆರಡು, ವಾಸ ಚಾಮರಾಜಪೇಟೆ. ಚಿಕ್ಕಪೇಟೆಯ ಒಂದು ಸಂದಿಯಲ್ಲಿ ಅವರಪ್ಪನ ಕಾಲದ ಬಟ್ಟೆ ಅಂಗಡಿ. ಹಣೆಗೆ ಮೂರು ಬೆರಳ ವಿಭೂತಿ ಬಳಿದುಕೊಂಡು, ಬಿಳಿ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಲವತ್ತು ವರ್ಷ ರವಿಕೆ ಕಣ ಹರಿದವರು. ಒಂದೊಂದು ಕಣಕ್ಕೂ ಅಳತೆಯ ಮೇಲೆ ನಾಲ್ಕು ಬೆರಳು ಕೊಸರು ಬಿಟ್ಟು ಹರಿಯುತ್ತಿದ್ದರು ಎಂದು ಪೇಟೆಯಲ್ಲಿ ಹೆಸರಿದೆ. ಇಷ್ಟು ವರ್ಷ ಬಟ್ಟೆಯನ್ನೇ ನೋಡಿ ನೋಡಿ ಅವರ ಕಣ್ಣಿಗೆ ಈಗ ಜಗತ್ತಿನಲ್ಲಿ ಎರಡೇ ವಸ್ತು ಕಾಣುತ್ತವೆ: ಬಣ್ಣ ಬಿಡುವ ಬಟ್ಟೆ ಮತ್ತು ಬಣ್ಣ ಬಿಡದ ಬಟ್ಟೆ. ನನಗೆ ಗಂಡು ನೋಡಲು ಹೋಗಿ ಬಂದಾಗ, "ಹುಡುಗ ಹೇಗಿದಾರೆ ಭಾವ?" ಎಂದು ನಾಚಿಕೊಂಡು ಕೇಳಿದ್ದೆ. "ಟೆರಿಕಾಟ್ ಶರ್ಟು. ಎಷ್ಟು ಒಗೆದ್ರೂ ಬಣ್ಣ ಹೋಗಲ್ಲ. ಒಪ್ಕೊಂಡ್ಬಿಡಿ" ಎಂದರು. ಒಪ್ಪಿಕೊಂಡೆ. ಬಣ್ಣ ಹೋಗಿಲ್ಲ, ನಿಜ. ಹೋಗಲಿಕ್ಕೆ ಬಣ್ಣವೇ ಇರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು!

ನಾನೂ ಸುಮ್ಮನಿರುವವಳಲ್ಲ ಬಿಡಿ. ಮಲ್ಲೇಶ್ವರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ನಾಲಿಗೆ ನನ್ನದು. ಅದರ ಪೆಟ್ಟು ತಿಂದ ಹುಡುಗರು ಇವತ್ತಿಗೂ ರಸ್ತೆಯಲ್ಲಿ ನನ್ನನ್ನು ಕಂಡರೆ ಆಚೆ ಫುಟ್‌ಪಾತಿಗೆ ದಾಟುತ್ತಾರೆ. ನಮ್ಮ ಬಳಗದ ಯಾವುದೇ ಮದುವೆ ಮುಂಜಿಯಲ್ಲಿ ಹೆಂಗಸರು ಗುಂಪುಗೂಡಿ ನಗುತ್ತಿದ್ದಾರೆ ಅಂದರೆ ನಡುವೆ ನಾನಿದ್ದೇನೆ ಅಂತಲೇ ತಿಳಿಯಬೇಕು. ಇದು ಜಂಬವಲ್ಲ, ಎಲ್ಲರೂ ಹೇಳುವ ಮಾತು.

ಇರಲಿ, ಸೋಫಾದ ವಿಷಯಕ್ಕೆ ಬರುತ್ತೇನೆ. ಆಷಾಢದಲ್ಲಿ ಒಂದು ಬೆಳಿಗ್ಗೆ ಭಾವ ಫೋನು ಮಾಡಿದರು. "ನಾದಿನಿಯವ್ರೇ, ವರಮಹಾಲಕ್ಷ್ಮಿ ಹಬ್ಬದೊಳಗೆ ಮನೆಗೊಂದು ಒಳ್ಳೇ ಸೋಫಾ ಬರ್ಬೇಕು. ಕಾರು ತಗೊಂಡ್ಬನ್ನಿ" ಎಂದರು. ನನಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಆ ಮನೆಯಲ್ಲಿದ್ದದ್ದು ಒಂದು ಬೆತ್ತದ ಸೋಫಾ. ಅದರ ಬೆತ್ತ ಜೋತುಬಿದ್ದು, ಕೂತವರಿಗೆ ನೆಲದ ತಂಪು ತಾಗಿ ಹತ್ತು ವರ್ಷವಾಗಿತ್ತು. ಬದಲಾಯಿಸಿ ಎಂದು ನಾವೆಲ್ಲ ಬಾಯಿ ನೋಯಿಸಿಕೊಂಡಾಗ ಜಗ್ಗದವರಿಗೆ ಈಗೇಕೆ ಇದ್ದಕ್ಕಿದ್ದಂತೆ ಜ್ಞಾನೋದಯ?

ಕಾರಣವನ್ನು ನಾನೇ ಊಹಿಸಿದೆ. ಅಕ್ಕ ಆ ವಾರವಷ್ಟೇ ನನಗೆ ಹೇಳಿದ್ದಳು: "ಈ ಸಲ ಹಬ್ಬಕ್ಕೆ ಯಾರನ್ನೂ ಕುಂಕುಮಕ್ಕೆ ಕರಿಯಲ್ಲ ಕಣೇ. ಸಾಕು, ವಯಸ್ಸಾಯ್ತು." ಅಕ್ಕನ ಮನೆಯ ವರಮಹಾಲಕ್ಷ್ಮಿ ಅಂದರೆ ಏನೆಂದುಕೊಂಡಿರಿ? ನಲವತ್ತು ವರ್ಷದಿಂದ ಬೀದಿಯ ಹೆಂಗಸರೆಲ್ಲ ಬಂದು ಕೂತು, ಹರಟಿ, ಅರಿಶಿನ ಕುಂಕುಮ ತಗೊಂಡು ಹೋಗುವ ಮನೆ ಅದು. ಎದುರುಮನೆಯವರಿಂದ ಹಿಡಿದು ಮಾರ್ಕೆಟ್ಟಿನ ಹೂವಿನವಳ ತನಕ ಯಾರನ್ನೂ ಅಕ್ಕ ಬಿಟ್ಟವಳಲ್ಲ. ವರ್ಷವಿಡೀ ಅವಳು ಕಾಯುವುದು ಆ ಒಂದು ಸಾಯಂಕಾಲಕ್ಕೆ. ಅದನ್ನೇ ಬಿಡುತ್ತೇನೆ ಅನ್ನುತ್ತಾಳಲ್ಲ! ಪಾಪ, ಜೋತುಬಿದ್ದ ಬೆತ್ತದ ಮೇಲೆ ಬಂದವರನ್ನು ಕೂರಿಸಲು ಅವಮಾನ, ಇನ್ನೇನು? ಗಂಡ ಜಿಪುಣನಾದರೆ ದೇವರಿಗೂ ಹಬ್ಬ ತಪ್ಪುತ್ತದೆ ಎಂದು ಭಾವನನ್ನು ಮನಸಾರೆ ಬೈದುಕೊಂಡು ಕಾರು ತೆಗೆದೆ. ಹಬ್ಬಕ್ಕೆ ಐದು ವಾರ ಇತ್ತು.

ಸೋಫಾ ಹೇಗಿರಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದ ಹಿಂದೆ ನಮ್ಮ ಫ್ಲ್ಯಾಟಿಗೆ ಎಲ್ ಆಕಾರದ್ದೊಂದನ್ನು ಕೊಂಡಿದ್ದೆ. ಬಣ್ಣ ಬೂದಿ, ಎತ್ತರ ಒಂದು ಗೇಣು, ಮೆತ್ತೆಯೋ ಮೆತ್ತೆ! ಆ ವರ್ಷದ ಗೌರಿ ಹಬ್ಬಕ್ಕೆ ಬಂದ ಅಕ್ಕ ಅದರಲ್ಲಿ ಕೂತವಳು ಹಿಟ್ಟಿಗೆ ಬಿದ್ದ ಬೆಲ್ಲದುಂಡೆಯ ಹಾಗೆ ಒಳಗೆ ಹೋಗಿಬಿಟ್ಟಳು. ಹೊರಡುವಾಗ ಏಳಲು ನೋಡುತ್ತಾಳೆ, ಆಗುವುದಿಲ್ಲ. ಮತ್ತೆ ನೋಡುತ್ತಾಳೆ, ಮತ್ತೆ ಕೂರುತ್ತಾಳೆ. ಕೊನೆಗೆ ಇಬ್ಬರು ಎರಡು ಕೈ ಹಿಡಿದು ಎಳೆದರು. ನಾನು ಬಿಡುತ್ತೇನೆಯೇ? "ಅಕ್ಕಾ, ಇರು ಇರು! ಮೆಟ್ರೋದವ್ರ ಕ್ರೇನು ಖಾಲಿ ಇದೆಯಾ ಕೇಳ್ತೀನಿ" ಎಂದೆ. ಹದಿನೈದು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೋಫಾ ಅಂದರೆ ಹಾಗಿರಬೇಕು, ಕೂತರೆ ಏಳಬಾರದು!

ಇದನ್ನೇ ಕಾರಿನಲ್ಲಿ ಭಾವನಿಗೆ ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತ, "ಕೂರೋಕೆ ನೆಲ ಇದೆಯಲ್ಲ ನಾದಿನಿಯವ್ರೇ. ದುಡ್ಡು ಕೊಡೋದು ಏಳೋದಕ್ಕೆ" ಎಂದರು. ಇಂಥ ತತ್ವಜ್ಞಾನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಗಾಡಿ ಓಡಿಸುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು.

ಮೊದಲ ಅಂಗಡಿ ಬಸವನಗುಡಿಯಲ್ಲಿ. ಗಾಜಿನ ಬಾಗಿಲು, ಒಳಗೆ ಎಸಿ, ಮಲ್ಲಿಗೆಯೂ ಅಲ್ಲದ ಸಂಪಿಗೆಯೂ ಅಲ್ಲದ ಏನೋ ಒಂದು ಪರಿಮಳ. ಟೈ ಕಟ್ಟಿದವನೊಬ್ಬ ಬಂದು, "ಪ್ಯೂರ್ ಲಿನನ್ ಸಾರ್, ಇಂಪೋರ್ಟೆಡ್" ಎಂದ. ಇಷ್ಟು ಸಾಕಾಯಿತು. ಭಾವ ಕನ್ನಡಕ ಏರಿಸಿ, ಮೆತ್ತೆಯನ್ನು ತಿರುಗಿಸಿ, ಹೊಲಿಗೆಯ ಒಳಗಿಂದ ಒಂದು ಎಳೆ ಹುಡುಕಿ ಸರಕ್ಕನೆ ಎಳೆದರು. ಟೈ ಕಟ್ಟಿದವನು "ಸಾರ್!" ಎನ್ನುವಷ್ಟರಲ್ಲಿ ಇವರ ಬಟ್ಟೆಚೀಲದಿಂದ ಬೆಂಕಿಪೊಟ್ಟಣ ಹೊರಬಂದಿತ್ತು. ಗೀರಿ ಎಳೆಗೆ ಹಿಡಿದೇ ಬಿಟ್ಟರು!

"ನೋಡಪ್ಪಾ, ಹತ್ತಿ ಆದ್ರೆ ಬೂದಿ ಆಗುತ್ತೆ. ಲಿನನ್ ಆದ್ರೂ ಬೂದಿ ಆಗುತ್ತೆ. ಇದು ಕರಗಿ ಗಂಟಾಯ್ತು. ಇದು ಪ್ಲಾಸ್ಟಿಕ್ಕು. ನಿಮ್ಮ ಯಜಮಾನ್ರಿಗೆ ಯಾರೋ ಟೋಪಿ ಹಾಕಿದಾರೆ, ಹೇಳು" ಎಂದರು.

ಸೆಕ್ಯೂರಿಟಿಯವನು ಕೆಂಪು ಸಿಲಿಂಡರ್ ಹೊತ್ತುಕೊಂಡು ಓಡಿ ಬಂದ. ನಾನು ದೂರ ಸರಿದು ಒಂದು ದೀಪದ ಕಂಬವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಮ್ಯಾನೇಜರು ಬಂದು, "ಇವ್ರು ನಿಮ್ಮೋರಾ ಮೇಡಂ?" ಎಂದು ಕೇಳಿದಾಗ, "ಇಲ್ವಲ್ಲ, ಬಾಗಿಲಲ್ಲಿ ಸಿಕ್ರು" ಎಂದೆ. ಆ ಹೊತ್ತಿಗೆ ಸರಿಯಾಗಿ ಇಡೀ ಅಂಗಡಿಗೆ ಕೇಳುವ ಹಾಗೆ ಆ ಕಡೆಯಿಂದ ದನಿ ಬಂತು: "ನಾದಿನಿಯವ್ರೇ, ಬನ್ನಿ ಹೋಗೋಣ, ಇಲ್ಲಿ ಎಲ್ಲಾ ಪ್ಲಾಸ್ಟಿಕ್ಕು!"

ಎರಡನೆಯ ಅಂಗಡಿ ಮಲ್ಲೇಶ್ವರದಲ್ಲಿ. ಬೆಂಕಿಪೊಟ್ಟಣವನ್ನು ನಾನು ಕಾರಿನಲ್ಲೇ ಕಸಿದುಕೊಂಡಿದ್ದೆ. ಅಲ್ಲಿ ಕೋಟು ಹಾಕಿಕೊಂಡ ಹುಡುಗಿಯೊಬ್ಬಳು ನಗುನಗುತ್ತ ಬಂದು, "ಹೇಳಿ ಅಂಕಲ್, ಹೇಗಿರೋದು ಬೇಕು?" ಎಂದಳು.

"ಒಂದು ಮೊಳ ನಾಲ್ಕು ಬೆರಳು ಇರೋದು ಕೊಡಮ್ಮ" ಎಂದರು ಭಾವ.

ಹುಡುಗಿಯ ನಗು ಅರ್ಧಕ್ಕೆ ನಿಂತಿತು. ಮನೆಯಲ್ಲಿ ಕನ್ನಡವೇ ಆಡುವ ಮಗು. ಆದರೆ ಈಗಿನವರಿಗೆ ಮೊಳಕ್ಕೂ ಮೊಲಕ್ಕೂ ವ್ಯತ್ಯಾಸ ಎಲ್ಲಿ ಗೊತ್ತು? ಕ್ಷಣ ಯೋಚಿಸಿ, "ಓ, ಮೊಲ ಸಾಕಿದೀರಾ ಅಂಕಲ್? ಸೋ ಕ್ಯೂಟ್! ಹಾಗಾದ್ರೆ ಸ್ಕ್ರ್ಯಾಚ್ ಪ್ರೂಫ್ ಬಟ್ಟೇನೇ ತಗೊಳ್ಳಿ, ಉಗುರು ತಾಗಿದ್ರೂ ಏನೂ ಆಗಲ್ಲ" ಎಂದಳು.

"ಉಗುರಲ್ಲಮ್ಮ, ಬೆರಳು. ನಾಲ್ಕು ಬೆರಳು."

"ನಾಲ್ಕೇ ಬೆರಳಾ? ಅಯ್ಯೋ ಪಾಪ, ಏನಾಯ್ತು ಅದಕ್ಕೆ?"

ನಾನು ಅಲ್ಲೇ ಒಂದು ಸ್ಟೂಲಿನ ಮೇಲೆ ಕುಸಿದು ನಕ್ಕೆ. ಭಾವ ಮಾತ್ರ ಗಂಭೀರವಾಗಿ ಚೀಲದಿಂದ ಒಂದು ದಾರ ತೆಗೆದರು. ಹೂ ಕಟ್ಟುವ ಬಿಳಿ ದಾರ, ಎರಡು ತುದಿಗೂ ಗಂಟು. ಒಂದು ಗಂಟನ್ನು ನೆಲಕ್ಕೆ ಒತ್ತಿ, ಇನ್ನೊಂದನ್ನು ಸೋಫಾದ ಅಂಚಿಗೆ ಹಿಡಿದು, "ಇಲ್ಲ, ಕಮ್ಮಿ" ಎಂದರು. ಪಕ್ಕದ್ದಕ್ಕೆ ಹಿಡಿದರು. "ಕಮ್ಮಿ." ಮೂಲೆಯದಕ್ಕೆ ಹಿಡಿದರು. "ಇದೂ ಕಮ್ಮಿ." ಹೀಗೆ ಹದಿನೆಂಟು ಸೋಫಾಗಳ ಮುಂದೆ ಹದಿನೆಂಟು ಸಲ ದೀರ್ಘದಂಡ ಹಾಕಿದ ಹಾಗೆ ಬಗ್ಗಿ ಎದ್ದರು. "ಅದೇನು ಅಳತೆ ಭಾವ? ಟೇಪು ಇಲ್ವಾ ಊರಲ್ಲಿ? ಮೊಳ ಸಾಲ್ದು ಅಂತ ನಾಲ್ಕು ಬೆರಳು ಕೊಸರು ಬೇರೆ!" ಎಂದೆ. "ಇದ್ದರೆ ಇಷ್ಟೇ ಇರ್ಬೇಕು" ಎಂದರೇ ಹೊರತು ಯಾಕೆ ಎಂದು ಬಾಯಿ ಬಿಡಲಿಲ್ಲ. ದಾರ ಸುತ್ತಿ ಜೇಬಿಗಿಟ್ಟುಕೊಂಡರು.

ಮುಂದಿನ ಅಂಗಡಿಗಳಲ್ಲಿ ಸರ್ಕಸ್ಸು ಶುರುವಾಯಿತು. ಚೀಲದಲ್ಲಿ ಒಂದು ಸ್ಟೀಲ್ ತಟ್ಟೆಯೂ ಇತ್ತು ಎನ್ನುವುದು ಆಗ ಬಯಲಾಯಿತು. ಅಂಗಡಿಯವರನ್ನು ಒಂದು ಲೋಟ ನೀರು ಕೇಳುವುದು. ಕುಡಿಯಲಿಕ್ಕೋ? ಅಲ್ಲ! ತುಂಬಿದ ಲೋಟವನ್ನು ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು, ಸೋಫಾದ ಮೇಲೆ ಕೂತು, ಏಳುವುದು. ಕೂರುವುದು, ಏಳುವುದು. ನೀರು ತುಳುಕಿದರೆ ಆ ಸೋಫಾ ಫೇಲು. ಮಾರಾಟಗಾರರು ಕೆಲಸ ಬಿಟ್ಟು ಸುತ್ತ ನಿಂತು ನೋಡುತ್ತಿದ್ದರು. ಒಬ್ಬ, "ಬಸ್ಕಿ ಹೊಡಿಯೋದಾದ್ರೆ ಗಣೇಶನ ಗುಡಿ ಇಲ್ಲೇ ಪಕ್ಕದ ರಸ್ತೆಯಲ್ಲಿದೆ ಸಾರ್" ಎಂದ. ಇನ್ನೊಂದು ಕಡೆ ಬಿಳಿ ವೆಲ್ವೆಟ್ಟಿನ ಮೇಲೆ ಲೋಟ ಮಗುಚಿಕೊಂಡಿತು. ನಾನು ಕಂಡಕಂಡವರ ಹತ್ತಿರ ಕ್ಷಮೆ ಕೇಳಿ, ಟಿಶ್ಯೂ ಪೇಪರಿನಲ್ಲಿ ಒರೆಸಿ, ಭಾವನನ್ನು ತೋಳು ಹಿಡಿದು ಎಳೆದುಕೊಂಡು ಬಂದೆ. ನನಗೆ ಟ್ರೀಟ್‌ಮೆಂಟಿನ ಪ್ರಶ್ನೆ ಬಂದದ್ದು ಆ ಅಂಗಡಿಯಲ್ಲೇ.

"ಎರಡು ಕೈ ದೇವ್ರು ಕೊಟ್ಟಿದಾನೆ, ಒಂದು ಕೈ ಊರಿ ಎದ್ದೇಳೋಕೆ ಏನು ಧಾಡಿ ನಿಮ್ಗೆ?" ಎಂದು ಕಾರಿನಲ್ಲಿ ರೇಗಿದೆ.

"ಎರಡೂ ಕೈ ಖಾಲಿ ಇರಲ್ವಲ್ಲ" ಎಂದರು.

"ಯಾಕೆ, ನೀವೇನು ಹೋಟ್ಲಲ್ಲಿ ಸಪ್ಲೈಯರ್ ಕೆಲಸಕ್ಕೆ ಸೇರ್ತಿದೀರಾ?"

ಭಾವ ಪಂಚೆಯ ತುದಿಯಿಂದ ತಟ್ಟೆ ಒರೆಸತೊಡಗಿದರು. ಮಾತಿಗೆ ಮಾತು ಕೊಡುವ ಭಾವ ಹೀಗೆ ತಟ್ಟೆ ಒರೆಸುತ್ತ ಕೂತರೆ ನನಗೆ ಇನ್ನಷ್ಟು ಮೈಯುರಿಯುತ್ತದೆ.

ಏಳನೆಯದು ರಿಕ್ಲೈನರ್ ಅಂಗಡಿ. ನಾನೇ ಹಟ ಮಾಡಿ ಕರೆದೊಯ್ದದ್ದು. ಗುಂಡಿ ಒತ್ತಿದರೆ ಬೆನ್ನು ಹಿಂದಕ್ಕೆ, ಕಾಲು ಮೇಲಕ್ಕೆ. "ಶವಾಸನಕ್ಕೂ ಕರೆಂಟು ಬೇಕಾ?" ಎಂದು ಗೊಣಗುತ್ತಲೇ ಭಾವ ಕೂತರು. ಹುಡುಗ ಗುಂಡಿ ಒತ್ತಿದ. ಭಾವನ ಪಂಚೆ ಸಮೇತ ಎರಡು ಕಾಲು ನಿಧಾನವಾಗಿ ಆಕಾಶ ನೋಡಿದವು. ಅಷ್ಟರಲ್ಲಿ ಕರೆಂಟು ಹೋಯಿತು! ಜನರೇಟರ್ ಶುರುವಾಗುವ ತನಕ ಪೂರಾ ಐದು ನಿಮಿಷ ನಮ್ಮ ಭಾವ ಮಗುಚಿ ಬಿದ್ದ ಜಿರಳೆಯ ಹಾಗೆ ಕೈಕಾಲು ಆಡಿಸುತ್ತ ಇದ್ದರು. ಬಂದ ಗಿರಾಕಿಗಳೆಲ್ಲ ನಕ್ಕರು. ಒಬ್ಬಳು ಪುಟ್ಟ ಹುಡುಗಿ, "ಅಮ್ಮಾ, ತಾತ ಸಿಕ್ಕಾಕೊಂಡ್ರು" ಎಂದಳು. ನಾನಂತೂ ಗೋಡೆ ಹಿಡಿದುಕೊಂಡು ನಕ್ಕೆ. ಭಾವ ಮಲಗಿದಲ್ಲಿಂದಲೇ ನನ್ನನ್ನು ನೋಡಿದರು. ಕೋಪವಿರಲಿಲ್ಲ. "ಹೂಂ. ಹೀಗೇ ಇರುತ್ತೆ ಅನ್ಸುತ್ತೆ" ಎಂದು ತಮ್ಮಷ್ಟಕ್ಕೆ ತಾವು ಹೇಳಿಕೊಂಡರು. ಏನು ಹೀಗೇ ಇರುತ್ತೆ? ಯಾರಿಗೆ? ನಗುವ ಭರದಲ್ಲಿ ನಾನು ಕೇಳಲಿಲ್ಲ.

ಅಲ್ಲಿಂದ ಹೊರಬಂದು ಬೈಟೂ ಕಾಫಿ ಕುಡಿಯುವಾಗ ನನ್ನ ತಾಳ್ಮೆ ಮುಗಿಯಿತು. ಹಬ್ಬಕ್ಕೆ ಉಳಿದದ್ದು ಮೂರೇ ವಾರ.

"ಭಾವ, ನೇರವಾಗಿ ಹೇಳ್ತೀನಿ. ನಿಮಗೆ ಸೋಫಾ ತಗೊಳ್ಳೋ ಮನಸ್ಸಿಲ್ಲ. ಅದಕ್ಕೇ ದಾರ, ತಟ್ಟೆ, ಬೆಂಕಿಪೊಟ್ಟಣ ಅಂತ ನಾಟ್ಕ ಮಾಡ್ತಿದೀರಿ. ಕೂರೋಕೊಂದು ನೆಟ್ಟಗಿರೋ ಜಾಗ ಇಲ್ದೆ ಅಕ್ಕ ಹಬ್ಬಾನೇ ಬಿಡ್ತಿದಾಳೆ. ಗೊತ್ತಾ ನಿಮ್ಗೆ?"

ಭಾವ ಲೋಟದ ತಳದಲ್ಲಿದ್ದ ಸಕ್ಕರೆಯನ್ನು ಸುತ್ತಿಸುತ್ತಿದ್ದರು. "ಗೊತ್ತು. ಕೂರೋಕೆ ಜಾಗ ಇಲ್ದೇನೇ ಬಿಡ್ತಿದಾಳೆ" ಎಂದರು. ನಾನು ಹೇಳಿದ್ದನ್ನೇ ತಿರುಗಿ ನನಗೆ ಒಪ್ಪಿಸಿದರೆ ಏನು ಹೇಳುವುದು! ಆಮೇಲೆ, "ಕೊನೇದಾಗಿ ಒಂದು ಕಡೆ ಹೋಗೋಣ. ಅಲ್ಲೂ ಆಗ್ಲಿಲ್ಲ ಅಂದ್ರೆ ನೀವು ಹೇಳಿದ್ದು ತಗೋತೀನಿ" ಎಂದರು.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯ ತುದಿಗೆ, ತಗಡಿನ ಮಾಡಿನ ಕೆಳಗೆ ಒಂದು ಬಡಗಿ ಅಂಗಡಿ. ಮೊಳಕಾಲುದ್ದ ಮರದ ಹೊಟ್ಟು. ನಡುವೆ ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡ ಮುದುಕ ಆಚಾರ್ರು. ಭಾವನ ಅಂಗಡಿಯ ಬೀರುಗಳನ್ನೆಲ್ಲ ಮಾಡಿದವರು ಅವರೇ ಅಂತೆ. "ಸೋಫಾ ಬೇಕು ಆಚಾರ್ರೇ. ಮರದ್ದು. ಬಟ್ಟೆ ನಂದು, ಹತ್ತಿ ನಂದು, ಕೂತ್ರೆ ಒಳಗೆ ಹೋಗ್ಬಾರ್ದು" ಎಂದರು ಭಾವ.

"ಎತ್ತರ ಎಷ್ಟಿರ್ಲಿ ಸ್ವಾಮಿ?"

"ಒಂದು ಮೊಳ ನಾಲ್ಕು ಬೆರಳು."

ಈಗ ಮತ್ತೆ ಮೊಲದ ಕತೆ ಶುರುವಾಯಿತಲ್ಲ ಎಂದು ನಾನು ನಗಲು ಸಿದ್ಧಳಾದೆ. ಆಚಾರ್ರು ನಗಲಿಲ್ಲ. ಕಿವಿಯಿಂದ ಪೆನ್ಸಿಲು ತೆಗೆದು, "ಯಾರ ಮೊಳ?" ಎಂದರು.

ಏಳು ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ. ಅಷ್ಟೇಕೆ, ಗಣಿತದ ಮೇಡಂ ನಾನೂ ಕೇಳಿರಲಿಲ್ಲ! ಭಾವ ನನ್ನ ಕಡೆ ಒಮ್ಮೆ ನೋಡಿ, "ನಾದಿನಿಯವ್ರೇ, ಕಾರು ಅಡ್ಡ ನಿಂತಿದೆ ಅನ್ಸುತ್ತೆ. ಸ್ವಲ್ಪ ನೋಡ್ಬನ್ನಿ" ಎಂದರು.

"ಸರಿಯಾಗೇ ನಿಂತಿದೆ" ಎಂದೆ. ನಾನು ಅಲ್ಲಾಡಲಿಲ್ಲ.

"ಯಾರದು ಅಂತ ಹೇಳ್ದಿದ್ರೆ ಮರ ಕುಯ್ಯೋಕಾಗಲ್ಲ ಸ್ವಾಮಿ" ಎಂದರು ಆಚಾರ್ರು. "ನಿಮ್ಮ ಮೊಳಕ್ಕೆ ಮಾಡಿದ್ರೆ ಗಿಡ್ಡ ಇರೋರು ಕಾಲು ತೂಗಾಡಿಸ್ಕೊಂಡು ಕೂರ್ಬೇಕಾಗುತ್ತೆ."

ಭಾವ ದಾರ ತೆಗೆದು ಆಚಾರ್ರ ಕೈಗಿಟ್ಟರು. "ನಮ್ಮನೆಯವ್ರದ್ದು" ಎಂದರು.

ಆಮೇಲೆ ನನ್ನ ಕಡೆ ಬೆನ್ನು ಮಾಡಿ, ಆಚಾರ್ರೊಬ್ಬರಿಗೇ ಹೇಳುವವರ ಹಾಗೆ ತಗ್ಗಿದ ದನಿಯಲ್ಲಿ ಹೇಳಿದರು. "ಅವಳಿಗೆ ಮಂಡಿ ಹೋಗಿದೆ ಆಚಾರ್ರೇ. ಕೂತ್ರೆ ಏಳಕ್ಕಾಗಲ್ಲ. ದಿನಾ ಸಾಯಂಕಾಲ ನಾವು ವಾಕಿಂಗ್ ಹೋಗೋ ಪಾರ್ಕಲ್ಲಿ ಒಂದು ಕಲ್ಲುಬೆಂಚಿದೆ. ಅದೊಂದರ ಮೇಲಿಂದ ಮಾತ್ರ ಯಾರ ಕೈನೂ ಹಿಡೀದೆ ಎದ್ದೇಳ್ತಾಳೆ. ಎಷ್ಟೆತ್ತರ ಇದೆ ನೋಡೇ ಅಂದೆ. ಹೂ ಅಳೆಯೋ ಹಾಗೆ ಕೈಯಿಟ್ಟು ನೋಡಿ, ಒಂದು ಮೊಳ ನಾಲ್ಕು ಬೆರಳು ಅಂದ್ಲು. ಅದಕ್ಕೇ ದಾರ ಕತ್ತರಿಸ್ಕೊಂಡೆ."

"ಕೈ ಊರೋಕೆ ಪಕ್ಕದಲ್ಲಿ ಹಿಡಿ ಕೊಡ್ಲಾ?"

"ಕೊಡಿ. ಆದ್ರೆ ಅದರ ಮೇಲೆ ನಂಬ್ಕೋಬೇಡಿ. ಮುತ್ತೈದೆಯರಿಗೆ ಎದ್ದು ನಿಂತು ಕುಂಕುಮ ಕೊಡ್ಬೇಕು. ಎರಡೂ ಕೈಯಲ್ಲಿ ತಟ್ಟೆ ಇರುತ್ತೆ." ಒಂದು ಹಲಗೆಯ ಮೇಲಿನ ಹೊಟ್ಟನ್ನು ಒರೆಸಿದರು. "ಎರಡು ವರ್ಷ ಆಯ್ತು, ಅವಳು ನಾಲ್ಕು ಜನರ ಎದುರು ಕೂತು. ಎಲ್ಲಿ ಹೋದ್ರೂ ನಿಂತೇ ಇರ್ತಾಳೆ. ಏಳಕ್ಕಾಗ್ದಿದ್ರೆ ಜನ ನಗ್ತಾರೆ ಅಂತ."

"ಯಾರು ನಕ್ರು ಭಾವ?" ಎಂದು ಕೇಳಿಬಿಟ್ಟೆ.

ಭಾವ ಹಲಗೆಯ ಮೇಲೆ ಬೆರಳಿನಿಂದ ಬಡಿದು, "ತೇಗಾ ಆಚಾರ್ರೇ ಇದು?" ಎಂದರು.

ಎರಡು ವರ್ಷ. ಲೆಕ್ಕ ಹಾಕಲು ಗಣಿತ ಬೇಕಿರಲಿಲ್ಲ. ನಮ್ಮ ಮನೆಯ ಗೌರಿ ಹಬ್ಬ, ಬೂದಿ ಬಣ್ಣದ ಸೋಫಾ, ಹದಿನೈದು ಹೆಂಗಸರು, ನನ್ನ ಕ್ರೇನು. ಅದಾದ ಮೇಲೆ ನನ್ನ ಮಗಳ ನಿಶ್ಚಿತಾರ್ಥಕ್ಕೆ ಬಂದ ಅಕ್ಕ ಮೂರು ಗಂಟೆ ಗೋಡೆಗೆ ಒರಗಿಕೊಂಡು ನಿಂತೇ ಇದ್ದಳು. "ಅಕ್ಕಾ, ಆ ಗೋಡೆ ನೀನಿಲ್ದೆನೂ ನಿಲ್ಲುತ್ತೆ, ಬಾ ಕೂತ್ಕೋ" ಎಂದಿದ್ದೆ. ಅದಕ್ಕೂ ಎಲ್ಲರೂ ನಕ್ಕಿದ್ದರು. ಹೋದ ವರ್ಷ ಅವಳ ಮನೆಯ ಹಬ್ಬದಲ್ಲಿ ಸಂಜೆಯಿಡೀ ಬಾಗಿಲ ಚೌಕಟ್ಟು ಹಿಡಿದು ನಿಂತವಳನ್ನು "ದ್ವಾರಪಾಲಕಿ" ಎಂದು ಕರೆದವಳೂ ನಾನೇ. ಮಂಡಿ ನೋವು ಅಂತ ಅವಳು ಒಂದು ಮಾತು ಹೇಳಬಹುದಿತ್ತು. ಹೇಳಿದರೆ ಅದಕ್ಕೂ ನಾನೊಂದು ಮಾತು ಹೊಂದಿಸಿ ಹೇಳುತ್ತಿದ್ದೆ ಅಂತ ಅವಳಿಗೆ ಗೊತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡ್ಡ ನಿಂತಿರದ ಕಾರನ್ನು ನೋಡಿಬರಲು ಹೊರಗೆ ಹೋದೆ.

ಭಾವ ಬಂದು ಪಕ್ಕದಲ್ಲಿ ಕೂತಾಗ ನಾನು ಗಾಡಿ ಶುರು ಮಾಡಿರಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ನೋಡಿದರೋ ಏನೋ.

"ನಿಮ್ಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡ್ಬಿಟ್ಟಿದ್ಲು" ಎಂದರು. "ತಂಗಿ ಬಾಯಿ ಹಾಗೆ, ಮನಸ್ಸಲ್ಲಿ ಏನೂ ಇರಲ್ಲ, ಗೊತ್ತಾದ್ರೆ ಸಂಕಟ ಪಟ್ಕೋತಾಳೆ ಅಂತ. ನೀವೀಗ ಅಳ್ಬೇಡಿ. ಅತ್ತಿದ್ದು ಗೊತ್ತಾದ್ರೆ ನನ್ನ ಗತಿ ಅಷ್ಟೇ."

ಏಳು ಅಂಗಡಿ ಸುತ್ತುವಾಗ ನಾನು ಆಡಿದ ಒಂದೊಂದು ಮಾತನ್ನೂ ಈ ಮನುಷ್ಯ ನುಂಗಿಕೊಂಡಿದ್ದರು. ಏನು ಧಾಡಿ ಅಂದೆ, ನಾಟಕ ಅಂದೆ, ಸಪ್ಲೈಯರ್ ಅಂದೆ. ಒಂದೇ ಒಂದು ವಾಕ್ಯದಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಹೆಂಡತಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಆಡಲಿಲ್ಲ. ಅವತ್ತು ಮೊದಲ ಸಲ ನನಗೆ ನನ್ನ ನಾಲಿಗೆಯ ಮೇಲೆ ಅಸಹ್ಯ ಹುಟ್ಟಿತು.

ಶ್ರಾವಣ ಬಂತು, ಸೋಫಾವೂ ಬಂತು. ಈಗ ನಿಜ ಹೇಳಬೇಕಲ್ಲ? ಅಷ್ಟು ಕೆಟ್ಟ ಸೋಫಾವನ್ನು ನಾನು ಹುಟ್ಟಿದಾರಭ್ಯ ನೋಡಿಲ್ಲ! ಕೋರ್ಟಿನ ವರಾಂಡದ ಬೆಂಚಿಗೆ ಮೆತ್ತೆ ಹೊಲಿಸಿದ ಹಾಗಿದೆ. ಬೆನ್ನು ನೆಟ್ಟಗೆ, ಬಟ್ಟೆಯೋ ಅಂಗಡಿಯಲ್ಲಿ ಖರ್ಚಾಗದೆ ಉಳಿದಿದ್ದ ಗಿಣಿಹಸಿರು. ಭಾವ ಅದನ್ನು ಸವರುತ್ತ, "ಪ್ಯೂರ್ ಕಾಟನ್ನು. ಬೇಕಾದ್ರೆ ಎಳೆ ಸುಟ್ಟು ನೋಡಿ" ಎಂದು ಬಂದವರಿಗೆಲ್ಲ ಬೆಂಕಿಪೊಟ್ಟಣ ಚಾಚಿದರು. ಸುಧಾರಿಸುವ ಪ್ರಾಣಿಯಲ್ಲ.

ಅಕ್ಕ ಕೊನೆಗೂ ಎಲ್ಲರನ್ನೂ ಕರೆದಿದ್ದಳು. ಹಬ್ಬದ ಸಾಯಂಕಾಲ ಮನೆ ತುಂಬಿತು. ಅಕ್ಕ ಹಸಿರು ಅಂಚಿನ ರೇಷ್ಮೆ ಸೀರೆಯುಟ್ಟು ಸೋಫಾದ ನಟ್ಟನಡುವೆ ಕೂತಿದ್ದಳು. ಎಡಕ್ಕೊಬ್ಬರು, ಬಲಕ್ಕೊಬ್ಬರು, ಹರಟೆಯೋ ಹರಟೆ. ಸ್ವಲ್ಪ ಹೊತ್ತಿಗೆ ಎದುರುಮನೆಯವರು, "ಬರ್ತೀನಿ ಅಕ್ಕಾ, ಕುಂಕುಮ ಕೊಡಿ" ಎಂದು ಎದ್ದರು. ಅಕ್ಕ ಕುಂಕುಮದ ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡಳು. ನಾನು ಪಾನಕದ ಲೋಟ ಹಿಡಿದು ನಿಂತಲ್ಲೇ ನಿಂತೆ. ಅಡುಗೆಮನೆಯ ಬಾಗಿಲಲ್ಲಿ ಭಾವ ಪೇಪರನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದರು.

ಅಕ್ಕ ಎದ್ದಳು. ಸುಮ್ಮನೆ, ಎಲ್ಲರೂ ಏಳುವ ಹಾಗೆ ಎದ್ದಳು. ಬಟ್ಟಲಿನ ಅರಿಶಿನ ಒಂದು ಚೂರೂ ಚೆಲ್ಲಲಿಲ್ಲ. ಯಾರೂ ನೋಡಲಿಲ್ಲ, ಯಾರ ಮಾತೂ ನಿಲ್ಲಲಿಲ್ಲ. ಒಬ್ಬರು ಎದ್ದು ನಿಲ್ಲುವುದನ್ನು ಯಾರು ತಾನೇ ನೋಡುತ್ತಾರೆ! ಭಾವ ಪೇಪರು ಮಡಿಚಿ ಒಳಗೆ ಹೋದರು. ಮೂಗು ಸೀಟುವ ಸದ್ದು ಅಲ್ಲಿಂದ ಕೇಳಿತು. ಅವತ್ತು ಅಕ್ಕ ಇಪ್ಪತ್ತೆಂಟು ಸಲ ಎದ್ದಳು. ನಾನು ಎಣಿಸಿದೆ.

ಎಲ್ಲರೂ ಹೋದ ಮೇಲೆ ಅವಳ ಪಕ್ಕ ಕೂತೆ. "ಅಕ್ಕಾ, ಅವತ್ತು ನಮ್ಮನೇಲಿ ನಾನು ಕ್ರೇನು ಅಂತ..." ಎಂದೆ.

"ಯಾವ ಕ್ರೇನೇ?" ಎಂದಳು ಅಕ್ಕ. "ಏನೇನೋ ಮಾತಾಡ್ಬೇಡ. ಇನ್ನೂ ಹೂವೇ ಮುಡ್ಕೊಂಡಿಲ್ಲ ನೀನು."

ಬುಟ್ಟಿಯಿಂದ ಮಲ್ಲಿಗೆ ದಂಡೆ ಎತ್ತಿ, ಮೊಳಕೈಯಿಂದ ಬೆರಳ ತುದಿಯವರೆಗೆ ಹಿಡಿದು ಒಂದು ಮೊಳ ಅಳೆದಳು. ಕತ್ತರಿ ತೆಗೆದುಕೊಂಡವಳು ತಡೆದು, ದಂಡೆಯ ಮೇಲೆ ಬೆರಳುಗಳನ್ನು ಜೋಡಿಸಿಟ್ಟು, ಇನ್ನೂ ನಾಲ್ಕು ಬೆರಳು ಮುಂದಕ್ಕೆ ಕತ್ತರಿಸಿದಳು.

"ಅದ್ಯಾಕೆ ಜಾಸ್ತಿ?" ಎಂದೆ.

"ಕೊಸರು ಕಣೇ" ಎಂದಳು. "ತಿರುಗು ಆ ಕಡೆ."